ಸುಮ್ಮನೆ ಕೂತದ್ದಕ್ಕೆ ಎಷ್ಟು?

"ಎಷ್ಟು ಕೊಡಬೇಕು?" ಎಂದು ಯಾರಾದರೂ ಕೇಳಿದ ಕೂಡಲೇ ಥಟ್ಟನೆ ಒಂದು ಮೊತ್ತ ಹೇಳಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕೊತ್ತಂಬರಿ ಮಾರುವವಳು ಹೇಳುತ್ತಾಳೆ. ರಿಕ್ಷಾದವನು ಮೀಟರಿನ ಕಡೆ ನೋಡದೆಯೇ ಹೇಳುತ್ತಾನೆ. ಹಲ್ಲಿನ ಡಾಕ್ಟರಂತೂ ನಾವು ಬಾಯಿ ತೆರೆದು ಕೂತು, ಚೌಕಾಸಿ ಮಾಡಲಾಗದ ಸ್ಥಿತಿಯಲ್ಲಿರುವಾಗಲೇ ಹೇಳಿ ಮುಗಿಸುತ್ತಾರೆ. ನನಗೆ ಮಾತ್ರ ಆ ಪ್ರಶ್ನೆ ಕಿವಿಗೆ ಬಿದ್ದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನಮ್ಮದು ಜಮಖಂಡಿಯ ಕಡೆಯ ಭಟ್ಟರ ಮನೆತನ. ಅಜ್ಜ ಊರೂರು ತಿರುಗಿ ಜನರ ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ ಎಲ್ಲ ಮಾಡಿಸಿದರು. ಆದರೆ ದಕ್ಷಿಣೆ ಇಷ್ಟು ಎಂದು ಬಾಯಿ ಬಿಟ್ಟು ಹೇಳಿದವರಲ್ಲ. "ನಿಮ್ಮ ಮನಸ್ಸಿಗೆ ಬಂದಷ್ಟು ಕೊಡ್ರಿ" ಎಂದು ಛತ್ರಿ ಎತ್ತಿಕೊಳ್ಳುತ್ತಿದ್ದರು. ಅವರ ಮೊಮ್ಮಗ ಮಂತ್ರ ಬಿಟ್ಟು ಕಂಪ್ಯೂಟರ್ ಕಲಿತ, ಪುಣೆಗೆ ಬಂದ, ಚಿಂಚವಾಡದ ಒಂದು ಕಾರಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಕೂತ. ಅಲ್ಲಿದ್ದಷ್ಟು ದಿನ ಪಗಾರ ತಾನಾಗಿಯೇ ಬರುತ್ತಿತ್ತು, ಹಾಗಾಗಿ ನನ್ನ ಈ ರೋಗ ನನಗೇ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಆ ಕಾಲದಲ್ಲಿ ಪುಣೆಯ ಅಂಗಡಿಕಾರರು, ಹೋಟೆಲಿನವರು, ಕ್ಲಾಸು ನಡೆಸುವವರು ಎಲ್ಲರೂ ಒಂದೊಂದು ಕಂಪ್ಯೂಟರ್ ತಂದು, ಅದಕ್ಕೆ ಪ್ಲಾಸ್ಟಿಕ್ ಗವಸು ಹೊದಿಸಿ ಇಟ್ಟುಕೊಳ್ಳತೊಡಗಿದ್ದರು. ಕೊಳ್ಳುವುದು ಸುಲಭ, ಕೆಟ್ಟರೆ ಯಾರನ್ನು ಕರೆಯಬೇಕು? ನನ್ನನ್ನು ಕರೆಯಲಿ ಎಂದು ನಾನು ನೌಕರಿ ಬಿಟ್ಟೆ. ಬೆಳಗಿನ ಲೋಕಲ್ ರೈಲಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಹೋಗಿ, ಸಂಜೆ ಇನ್ನೊಂದು ಕಾಲಿನ ಮೇಲೆ ನಿಂತು ಬರುವುದು ಸಾಕಾಗಿತ್ತು. ನಮ್ಮ ಸಾಹೇಬರು ಒಳ್ಳೆಯವರು. "ನಿನಗೆ ವ್ಯವಹಾರ ಬರುವುದಿಲ್ಲ, ನನಗೆ ಗೊತ್ತು. ದಸರೆಯವರೆಗೆ ನಿನ್ನ ಖುರ್ಚಿ ಖಾಲಿ ಇಡುತ್ತೇನೆ. ಸೋತರೆ ನಾಚಿಕೆಪಡದೆ ಬಾ" ಎಂದು ಬೆನ್ನು ತಟ್ಟಿ ಕಳಿಸಿದರು. ನನ್ನ ಹೆಂಡತಿ ವಿಮಲಾ ಮದುವೆಗೆ ಮುಂಚೆ ಗದಗಿನಲ್ಲಿ ಒಂದನೆಯ ಇಯತ್ತೆಯ ಮಕ್ಕಳಿಗೆ ಪಾಠ ಹೇಳಿದವಳು. ಅವಳು ಆಗ ಹೇಳಿದ್ದು ಇಷ್ಟೇ: "ದಸರಾತನಕ ನೋಡೂಣು. ಆದ್ರ ಮನಿ ಬಾಡಿಗಿಗೆ ದಸರಾ ದೀಪಾವಳಿ ಅನ್ನೂದು ಇಲ್ಲ, ಅದು ತಿಂಗಳಾ ಬರ್ತದ." ಬಿಬವೇವಾಡಿಯಲ್ಲಿದ್ದ ನಮ್ಮ ಆ ಪುಟ್ಟ ಬಾಡಿಗೆ ಮನೆ ಉಳಿಯಬೇಕಾದರೆ ದಸರೆಯೊಳಗೆ ನನ್ನ ಕೆಲಸಕ್ಕೆ ಒಂದು ಸರಿಯಾದ ರೇಟು ಕುದುರಬೇಕಿತ್ತು. ಇಲ್ಲವಾದರೆ ಮತ್ತೆ ಆ ಲೋಕಲ್ ರೈಲು, ಆ ಒಂಟಿ ಕಾಲು.

ಮೊದಲ ಗಿರಾಕಿ ಮಲ್ಲೇಶಪ್ಪನವರು. ರಬಕವಿಯಿಂದ ಬಂದು ಪುಣೆಯಲ್ಲಿ ಸೀರೆ ವ್ಯಾಪಾರ ಮಾಡುತ್ತಿದ್ದವರು. ದೊಡ್ಡ ದೇಹ, ಅದಕ್ಕಿಂತ ದೊಡ್ಡ ನಗು. ಅವರ ಅಂಗಡಿಯ ಕಂಪ್ಯೂಟರ್ ಸರಿ ಮಾಡಿ ಕೈ ಒರೆಸಿಕೊಂಡಾಗ ಅವರು ಆ ಪ್ರಶ್ನೆ ಕೇಳಿದರು. ನಾನು, ಅಜ್ಜನ ಮೊಮ್ಮಗ, "ನಿಮ್ಮ ಮನಸ್ಸಿಗೆ ಬಂದಷ್ಟು ಕೊಡ್ರಿ" ಅಂದೆ. ಅವರಿಗೆ ಭಾಳ ಸಂತೋಷವಾಯಿತು. ಒಳಗಿನಿಂದ ತಟ್ಟೆ ತರಿಸಿ, ಎಲೆ ಅಡಿಕೆ, ಒಂದು ತೆಂಗಿನಕಾಯಿ, ಐವತ್ತೊಂದು ರೂಪಾಯಿ ಇಟ್ಟು ಕೊಟ್ಟು, ಹಿರಿಯರಾದರೂ ನನಗೇ ಕೈಮುಗಿದರು. ನಾನು ಆಶೀರ್ವಾದ ಮಾಡುವುದೊಂದು ಬಾಕಿ. ಮನೆಗೆ ಬಂದು ತೆಂಗಿನಕಾಯಿಯನ್ನು ವಿಮಲಾಳ ಕೈಗೆ ಕೊಟ್ಟಾಗ ಅವಳು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, "ನೀರು ಅದ" ಎಂದು ಒಳಗೆ ಒಯ್ದಿಟ್ಟಳು. 

ಆಮೇಲೆ ಧೈರ್ಯ ತಂದುಕೊಂಡು, ಒಮ್ಮೆ ಬಂದು ನೋಡಿದರೆ ಇಷ್ಟು ಎಂದು ಒಂದು ರೇಟು ಗೊತ್ತು ಮಾಡಿದೆ. ಬಾಯಲ್ಲಿ ಹೇಳಲಾಗದ್ದರಿಂದ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದೆ. ಕಾರ್ಡು ಹಂಚಿದ ಮಾರನೆಯ ದಿನದಿಂದ ಪುಣೆಯ ಕಂಪ್ಯೂಟರುಗಳು ಕೆಡುವುದನ್ನೇ ನಿಲ್ಲಿಸಿದವು. ಮಲ್ಲೇಶಪ್ಪನವರಿಂದ ಮಾತ್ರ ಫೋನು ಬರುತ್ತಿತ್ತು. "ಭಟ್ರ, ಕೆಲಸೇನಿಲ್ರಿ, ಸುಮ್ಮನ ಚಾ ಕುಡ್ಯಾಕ ಬರ್ರಿ. ಭಾಳ ದಿನಾತು ಮಾರಿ ನೋಡಿ." ಹೋದರೆ ಗಾದಿಯ ಮೇಲೆ ಕೂರಿಸಿ, ಚಹಾ, ಚೂಡಾ, ಕರದಂಟು ಎಲ್ಲ ಕೊಟ್ಟು, ಊರಿನ ಮಳೆ ಬೆಳೆ ವಿಚಾರಿಸಿ, ಏಳುವ ಹೊತ್ತಿಗೆ, "ಬಂದs ಬಂದೀರಿ, ಹೋಗ್ತ ಹೋಗ್ತ ಆ ಪ್ರಿಂಟರ್ ಒಂದೀಟು ನೋಡಿ ಹೋಗ್ರಿ" ಅನ್ನುತ್ತಿದ್ದರು. ಅತಿಥಿಯಾಗಿ ಹೋದವನು, ಅವರ ಮನೆಯ ಕರದಂಟು ಬಾಯಲ್ಲಿಟ್ಟುಕೊಂಡವನು, ದುಡ್ಡು ಕೇಳುವುದು ಹೇಗೆ? ಒಂದೊಂದು ಸಲ ಕರದಂಟು ಮುಗಿದಿದ್ದರೂ ಪ್ರಿಂಟರ್ ಮುಗಿದಿರುತ್ತಿರಲಿಲ್ಲ. ಅವರಿಗೆ ನನಗೆ ಮೋಸ ಮಾಡುವ ಯೋಚನೆ ಖಂಡಿತ ಇರಲಿಲ್ಲ. ನಮ್ಮ ಕಡೆಯವರಿಗೆ ಮನೆಗೆ ಬಂದ ಮನುಷ್ಯನಿಗೆ ಬಿಲ್ಲು ಕೊಡುವುದು, ಅವನಿಂದ ಬಿಲ್ಲು ತೆಗೆದುಕೊಳ್ಳುವುದು ಎರಡೂ ಅಪಶಕುನದ ಹಾಗೆ ಕಾಣುತ್ತದೆ.

ಹಾಗಾಗಿ ಮೂರನೆಯ ಉಪಾಯ. ತಿಂಗಳಿಗೆ ಇಷ್ಟು ಕೊಟ್ಟುಬಿಡಿ, ಎಷ್ಟು ಸಲ ಬೇಕಾದರೂ ಕರೆಯಿರಿ, ಯಾವಾಗ ಕರೆದರೂ ನಾನು ಬರುತ್ತೇನೆ. ಇದನ್ನು ಹೇಳಿದಾಗ ನನಗೆ ನನ್ನ ಬುದ್ಧಿಯ ಮೇಲೆ ಅಭಿಮಾನ ಉಕ್ಕಿತ್ತು. ಆದರೆ ಒಂದು ವಿಷಯ ಮರೆತಿದ್ದೆ: ಇದು ಊಟದ ತಟ್ಟೆಗೆ ಒಮ್ಮೆ ದುಡ್ಡು ಕೊಟ್ಟ ಮೇಲೆ, ಹೊಟ್ಟೆ ಸಾಕು ಅಂದರೂ ಇನ್ನೆರಡು ಪೂರಿ ಹಾಕಿಸಿಕೊಳ್ಳುವ ಊರು. ಮೊದಲ ತಿಂಗಳಲ್ಲೇ ನನಗೆ ಕಂಪ್ಯೂಟರನ್ನು ಬಿಟ್ಟು ಎಲ್ಲವನ್ನೂ ನೋಡುವ ಭಾಗ್ಯ ಬಂತು. ಕ್ಯಾಲ್ಕುಲೇಟರ್ ನೋಡಿದೆ, ಗೋಡೆ ಗಡಿಯಾರ ನೋಡಿದೆ, ಒಬ್ಬರ ಮನೆಯ ಟಿವಿಯಲ್ಲಿ ಕಳೆದುಹೋಗಿದ್ದ ಚಾನೆಲ್ ಹುಡುಕಿಕೊಟ್ಟೆ, ಇನ್ನೊಬ್ಬರ ಭಾವಮೈದುನನಿಗೆ ಹುಡುಗಿ ನೋಡಲು ಜೊತೆಗೂ ಹೋಗಿ ಬಂದೆ. ಹುಡುಗಿ ಕಂಪ್ಯೂಟರ್ ಕೋರ್ಸ್ ಮಾಡಿದ್ದಳಂತೆ, ನಿಜವೋ ಸುಳ್ಳೋ ನಾನು ಪರೀಕ್ಷಿಸಬೇಕಿತ್ತು! ಅವಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು.

ಕಂಪ್ಯೂಟರ್ ಕೆಡದ ಗಿರಾಕಿಗಳದು ಬೇರೆ ತಕರಾರು. ಸದಾಶಿವ ಪೇಠದಲ್ಲಿ ಹೋಟೆಲಿಟ್ಟ ಕುಂದಾಪುರದ ಕಡೆಯ ವಾಸಣ್ಣ ಮಾಳಿಗೆಯ ಮೇಲೆ ವಿದ್ಯಾರ್ಥಿಗಳಿಗೆ ತಿಂಗಳೂಟದ ಮೆಸ್ಸನ್ನೂ ನಡೆಸುತ್ತಿದ್ದರು. ಪುಣೆಯ ಮೆಸ್ಸುಗಳಲ್ಲಿ ಖಾಡಾ ಎಂಬ ಪದ್ಧತಿಯಿದೆ. ಹುಡುಗ ಊರಿಗೆ ಹೋಗಿ ಊಟ ತಪ್ಪಿಸಿದರೆ, ತಪ್ಪಿದ ಊಟಗಳನ್ನು ಲೆಕ್ಕ ಹಾಕಿ ತಿಂಗಳ ದುಡ್ಡಿನಲ್ಲಿ ಕಳೆಯುವುದು. ತಿಂಗಳ ಕೊನೆಗೆ ದುಡ್ಡಿಗೆ ಹೋದಾಗ ವಾಸಣ್ಣ ನನಗೆ ಬಿಸಿ ಬಿಸಿ ನೀರುದೋಸೆ ಹಾಕಿಸಿ, ಬಹಳ ಪ್ರೀತಿಯಿಂದ ಹೇಳಿದರು: "ಈ ತಿಂಗಳು ಕಂಪ್ಯೂಟರ್ ಒಂದು ದಿನವೂ ಕೆಡ್ಲಿಲ್ಲ ಮಾರಾಯ್ರೆ. ಹಾಗಾದ್ರೆ ಇಡೀ ತಿಂಗಳು ಖಾಡಾ ಅಲ್ವಾ?" ಕೆಡಲಿಲ್ಲವಾದರೂ ನಾನು ಕಾದುಕೊಂಡಿದ್ದೆನಲ್ಲ, ಎಂದೆ. "ಕಾಯ್ಲಿಕ್ಕೆ ಎಂತ ಉಂಟು? ನೀವು ಮನೆಯಲ್ಲಿ ಸುಮ್ಮನೆ ಕೂತದ್ದಲ್ವಾ?" ಎಂದು ಅವರು ನಿಜವಾದ ಆಶ್ಚರ್ಯದಿಂದಲೇ ಕೇಳಿದರು. ಪಕ್ಕದ ಟೇಬಲಿನಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ಇನ್ನೊಬ್ಬ ಗಿರಾಕಿ, ಗಣಿತದ ಕ್ಲಾಸು ನಡೆಸುವ ಸಾಠೆ ಸರ್, ಸೇರಿಕೊಂಡರು. ಕಾದಿದ್ದೇನೆ ಎನ್ನುವುದನ್ನು ನಾನು ಸಾಬೀತು ಮಾಡಿ ತೋರಿಸಬೇಕಂತೆ. ಕಾಯುವ ಹೊತ್ತಿನಲ್ಲಿ ಉಂಡದ್ದು, ಪೇಪರ್ ಓದಿದ್ದು, ಮಧ್ಯಾಹ್ನ ಮಲಗಿದ್ದು ಇವನ್ನೆಲ್ಲ ಕಳೆಯಬೇಕಂತೆ. ಮಧ್ಯಾಹ್ನ ಅಂಗಡಿಯನ್ನೇ ಮುಚ್ಚಿ ಮಲಗುವ ಸದಾಶಿವ ಪೇಠದಲ್ಲಿ ಕೂತು ಆ ನಿದ್ದೆಯ ಮೇಲೆ ಆಕ್ಷೇಪ ಎತ್ತಿದ ಮೊದಲ ಪುಣೇಕರರು ಅವರೇ ಇರಬೇಕು.

ಸುಮ್ಮನೆ ಕೂರುವುದು ಎಂಥ ಕೆಲಸ ಎಂದು ಅವರಿಗೆ ಹೇಗೆ ಹೇಳಲಿ? ಫೋನು ಬಂದೀತು ಎಂದು ನಾವು ಸಾರಸಬಾಗಿನ ಉದ್ಯಾನಕ್ಕೆ ಹೋಗಿ ಭೇಳ್ ತಿಂದು ಎಷ್ಟು ಕಾಲವಾಗಿತ್ತು! ನಾನು ಸ್ನಾನಕ್ಕೆ ಹೋದರೆ ಬಾಗಿಲ ಸಂದಿಯಲ್ಲಿ ಕಿವಿ ಇಟ್ಟುಕೊಂಡೇ ನೀರು ಹಾಕಿಕೊಳ್ಳುತ್ತಿದ್ದೆ. ಒಮ್ಮೆ ಮೈಗೆಲ್ಲ ಸೋಪು ಹಚ್ಚಿಕೊಂಡು ಓಡಿ ಬಂದು ಫೋನೆತ್ತಿದರೆ ಯಾರೋ ಗ್ಯಾಸ್ ಸಿಲಿಂಡರ್ ಯಾವಾಗ ಕಳಿಸುತ್ತೀರಿ ಎಂದು ಜಗಳಕ್ಕೇ ಬಂದರು. ವಿಮಲಾ ನನ್ನನ್ನು ಆ ಅವತಾರದಲ್ಲಿ ನೋಡಿ, "ಫೋನಿನ ಬಾಜೂಕ ನಾ ಕೂಡ್ತೀನಿ. ನೀವು ಮೊದಲ ನೆಟ್ಟಗ ಸ್ನಾನಾ ಮಾಡ್ರಿ" ಎಂದು ಹೊರಗಿನ ಕೋಣೆಯ ಸ್ಟೂಲಿನ ಮೇಲೆ ಅಕ್ಕಿ ಆರಿಸುತ್ತ ಕೂತಳು. ಅವತ್ತಿನಿಂದ ಅದು ಅವಳ ಜಾಗವಾಯಿತು. ನನಗೆ ಅದು ದೊಡ್ಡ ವಿಷಯ ಎಂದು ಅನ್ನಿಸಲಿಲ್ಲ. ಸ್ನಾನ ನೆಮ್ಮದಿಯಿಂದ ಆಗುತ್ತಿತ್ತು, ಅಷ್ಟೇ.

ಹೀಗೆ ಪಕ್ಷಮಾಸ ಬಂತು, ಅದು ಮುಗಿದರೆ ದಸರೆಯೇ. ಅಪ್ಪನ ಪಕ್ಷದ ಶ್ರಾದ್ಧಕ್ಕೆ ಜಮಖಂಡಿಯಲ್ಲಿರುವ ಅಣ್ಣನ ಮನೆಗೆ ಹೋಗಲೇಬೇಕು. ನಮ್ಮ ಮಗಳಿಗೆ ಶಾಲೆಯ ಪರೀಕ್ಷೆ ಇದ್ದದ್ದರಿಂದ ವಿಮಲಾ ಪುಣೆಯಲ್ಲೇ ಉಳಿದಳು. ಯಾವಾಗ ಕರೆದರೂ ಬರುತ್ತೇನೆ ಎಂದು ಮಾತು ಕೊಟ್ಟವನು ಒಂದು ವಾರ ಊರಲ್ಲೇ ಇಲ್ಲ ಎಂದು ಗಿರಾಕಿಗಳಿಗೆ ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಹೇಳದೆ ಬಸ್ಸು ಹತ್ತಿದೆ. ಅಲ್ಲಿ ಪಿಂಡ ಇಡುವಾಗಲೂ ಕಣ್ಣ ಮುಂದೆ ಅಪ್ಪ ಬರುವ ಬದಲು ಸಾಠೆ ಸರ್ ಬಂದರು. ಅಣ್ಣ ಎರಡು ಸಲ "ಎಲ್ಲದ ಲಕ್ಷ್ಯ ನಿಂದು?" ಎಂದು ಗದರಿದ. ಪುಣೆಗೆ ಹೊರಟಾಗ ನನ್ನ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು: ಎಲ್ಲರೂ ಬೇರೆ ಯಾರನ್ನೋ ಹಿಡಿದಿರುತ್ತಾರೆ, ಹೋಗಿ ಸಾಹೇಬರ ಕಾಲು ಹಿಡಿಯುವುದೇ ದಾರಿ.

ಮನೆಗೆ ಬಂದು ಚೀಲ ಕೆಳಗಿಡುವ ಮೊದಲೇ, "ಫೋನ್ ಏನರ ಬಂದಿದ್ವೇನು?" ಎಂದೆ. "ಬರ್ಲಾರದೇನು, ಬಂದ್ವು" ಎಂದಳು ವಿಮಲಾ, ಕುಕ್ಕರಿನ ಕಡೆ ನೋಡುತ್ತ. "ನೀ ಏನ್ ಹೇಳಿದಿ?" "ಅವ್ರು ಊರಿಗೆ ಹೋಗ್ಯಾರ, ಏನಾಗೇದ ನನಗ ಹೇಳ್ರಿ ಅಂದೆ." ಸಾಠೆ ಸರ್ ಅವರ ಕಂಪ್ಯೂಟರ್ ಏಳಲೇ ಇಲ್ಲವಂತೆ. ಇವಳು ತನ್ನ ಗದಗಿನ ಮರಾಠಿಯಲ್ಲಿ, ಒಂದನೆಯ ಇಯತ್ತೆಯ ಮಕ್ಕಳನ್ನು ಕೇಳುವ ಹಾಗೆಯೇ ಕೇಳಿದಳಂತೆ: ಲೈಟು ಹತ್ತಿದೆಯಾ, ಏನಾದರೂ ಸಪ್ಪಳ ಬರುತ್ತದೆಯಾ, ಒಳಗೆ ಏನಾದರೂ ಬಿಟ್ಟಿದ್ದೀರಾ. ಗಣಿತದ ಸರ್ ಬಗ್ಗಿ ನೋಡಿ, ಹಳೆಯ ಫ್ಲಾಪಿಯೊಂದು ಒಳಗೇ ಉಳಿದಿದೆ ಎಂದು ಸಣ್ಣ ದನಿಯಲ್ಲಿ ಒಪ್ಪಿಕೊಂಡರಂತೆ. ನನ್ನ ಮುಂದಾದರೆ ಅವರು ಸತ್ತರೂ ಒಪ್ಪಿಕೊಳ್ಳುತ್ತಿರಲಿಲ್ಲ. ಮಲ್ಲೇಶಪ್ಪನವರ ಕೀಬೋರ್ಡಿನ ಸಂದಿಯಲ್ಲಿ ಪೂಜೆಯ ಅಕ್ಷತೆ ಸಿಕ್ಕಿಕೊಂಡಿತ್ತು; ಬೋರಲು ಹಾಕಿ ಮೆಲ್ಲಗೆ ತಟ್ಟಲು ಹೇಳಿದ್ದಳು. ವಾಸಣ್ಣನದು ಮಾತ್ರ ಗಂಭೀರ. ಪೆಟ್ಟಿಗೆಯೊಳಗಿಂದ ಕಟಕಟ ಶಬ್ದ ಬರುತ್ತಿದೆ ಎಂದು ಫೋನು ಬಂದ ತಕ್ಷಣ, "ಈಗಿಂದೀಗ ಬಂದ್ ಮಾಡ್ರಿ, ಅವ್ರು ಬರೋತನಕ ಯಾರೂ ಮುಟ್ಟಬ್ಯಾಡ್ರಿ" ಎಂದು ಅಪ್ಪಣೆ ಮಾಡಿದ್ದಳು. ನಾನು ಚಹಾ ಕೂಡ ಕುಡಿಯದೆ ಸದಾಶಿವ ಪೇಠಕ್ಕೆ ಓಡಿದೆ. ಡಿಸ್ಕು ಸಾಯುವ ಹಂತದಲ್ಲಿತ್ತು. ಇನ್ನೊಂದು ದಿನ ಓಡಿಸಿದ್ದರೆ ಮೆಸ್ಸಿನ ಇಡೀ ವರ್ಷದ ಲೆಕ್ಕ ಹೋಗುತ್ತಿತ್ತು. ಬಂದ್ ಮಾಡಿಟ್ಟಿದ್ದರಿಂದ ಎಲ್ಲವನ್ನೂ ಹೊಸ ಡಿಸ್ಕಿಗೆ ದಾಟಿಸಲಿಕ್ಕಾಯಿತು. ನಿನಗೆ ಇದು ಹೇಗೆ ಗೊತ್ತಾಯಿತು ಎಂದು ಮನೆಗೆ ಬಂದು ವಿಮಲಾಳನ್ನು ಕೇಳಿದರೆ, "ಮಿಕ್ಸರ್ ಹಂಗ ಸಪ್ಪಳಾ ಮಾಡಿದ್ರ ಬಂದ್ ಮಾಡಂಗಿಲ್ಲೇನು? ಅದರಾಗ ಏನದ?" ಅಂದಳು.

ಎರಡು ದಿನದ ನಂತರ ವಾಸಣ್ಣನ ಫೋನು: ಸಂಜೆ ನಾಲ್ಕಕ್ಕೆ, ಹೋಟೆಲು ಖಾಲಿ ಇರುವಾಗ, ನಾನು ಬರಬೇಕಂತೆ, ಮಲ್ಲೇಶಪ್ಪನವರೂ ಸಾಠೆ ಸರ್ ಕೂಡ ಇರುತ್ತಾರಂತೆ. ಮೂವರೂ ಒಟ್ಟಿಗೆ ಕರೆದದ್ದು ನನ್ನನ್ನು ಬಿಡಿಸಲಿಕ್ಕೇ ಎಂದು ಲೆಕ್ಕ ಹಾಕಿಕೊಂಡೇ ಹೋದೆ. ಫ್ಯಾಮಿಲಿ ರೂಮಿನಲ್ಲಿ ಮೂವರೂ ಒಂದು ಕಡೆ, ನಾನೊಬ್ಬನೇ ಎದುರುಗಡೆ. ಹುಡುಗಿ ನೋಡಲು ಬಂದವರ ಮುಂದೆ ಹುಡುಗಿ ಕೂತ ಹಾಗೆ ಕೂತೆ. ಸಾಠೆ ಸರ್ ಮರಾಠಿಯಲ್ಲಿ ಆರಂಭಿಸಿದರು: "ನೀವು ಒಂದು ವಾರ ಹೇಳದೆ ಊರಿಗೆ ಹೋಗಿದ್ದಿರಿ. ಆ ವಾರ ನಮಗೆ ಯಾವ ನಷ್ಟವೂ ಆಗಲಿಲ್ಲ. ಅಂದರೆ ನೀವು ಕಾಯುವುದಕ್ಕೆ ಬೆಲೆ ಶೂನ್ಯ. ಇದು ಸಾಬೀತಾಯಿತು." ನನ್ನ ಮುಂದಿದ್ದ ಗೋಳಿಬಜೆ ತಣ್ಣಗಾಗುತ್ತಿತ್ತು. ಆ ಕ್ಷಣ ನನಗೆ ನಿಜವಾಗಿ ಅಳು ಬಂದಿತ್ತು. ಬಿಬವೇವಾಡಿಯ ಮನೆ, ಮಗಳ ಶಾಲೆ, ಲೋಕಲ್ ರೈಲಿನ ನೂಕುನುಗ್ಗಲು ಎಲ್ಲ ಕಣ್ಣ ಮುಂದೆ ಬಂದವು.

"ಪೂರ್ತಿ ಹೇಳ್ರಿ ಸರ, ಹೆದರ್ಯಾರ ಅವ್ರು" ಎಂದರು ಮಲ್ಲೇಶಪ್ಪನವರು. ಸಾಠೆ ಸರ್ ಕನ್ನಡಕ ಸರಿಪಡಿಸಿಕೊಂಡು, "ಈಗ ಎರಡನೆಯ ಪ್ರಶ್ನೆ. ಆ ವಾರ ವಹಿನಿ, ಅಂದರೆ ನಿಮ್ಮ ಮನೆಯವರು, ಊರಲ್ಲಿ ಇರದಿದ್ದರೆ?" ಎಂದರು. ವಾಸಣ್ಣ ತಡೆಯಲಾರದೆ ನಡುವೆ ಬಾಯಿ ಹಾಕಿದರು. "ನನ್ನ ವರ್ಷದ ಲೆಕ್ಕ ಇಡೀ ಹೋಗ್ತಿತ್ತು ಮಾರಾಯ್ರೆ! ಹುಡುಗರು ಎಲ್ಲ ದುಡ್ಡು ಕೊಟ್ಟಾಯ್ತು ಅಂತ ಹೇಳ್ತಿದ್ರು. ನಾನು ಎಂತ ಮಾಡ್ಬೇಕಿತ್ತು? ಅಕ್ಕ ಫೋನು ಎತ್ತಿದ್ರು, ನನ್ನ ಜೀವ ಬಂತು. ನಿಮ್ಮನ್ನು ಕಾಯ್ಲಿಕ್ಕೆ ಇಟ್ಟದ್ದು ನಾನು, ಕಾದದ್ದು ಅವರು." ಮಲ್ಲೇಶಪ್ಪನವರು ತೀರ್ಪು ಕೊಟ್ಟರು: "ಕೇಳ್ರಿ ಭಟ್ರ. ತಿಂಗಳಾ ಕೊಡೂ ರೊಕ್ಕ ವೈನಿಯವರಿಗೆ. ಫೋನ್ ಎತ್ತಾಕ. ಅದಕ್ಕ ಖಾಡಾ ಗೀಡಾ ಏನೂ ಇಲ್ಲ. ನೀವು ಎದ್ದು ಬಂದ್ರ ಅದು ಬ್ಯಾರೆ ಲೆಕ್ಕ. ಮತ್ತ ನಾ ಚಾಕ್ಕ ಕರೆದ್ರೂ ಅದು ಕೆಲಸಾನs ಅಂತ ತಿಳ್ಕೊಂಡು ಬಿಲ್ಲು ಕೊಡ್ರಿ, ನನಗ ಬಿಟ್ಟರ ತಿಳಿಯಂಗಿಲ್ಲ." ತಿಂಗಳಿಗೆ ಎಷ್ಟು ಎಂದು ಅವರವರೇ ಮಾತಾಡಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ. ಸಾಠೆ ಸರ್ ಒಂದು ಮೊತ್ತ ಹೇಳಿದರು, ಕಡಿಮೆಯಾಯಿತು ಎಂದು ವಾಸಣ್ಣ ಏರಿಸಿದರು, ಊರಿನ ಹೆಣ್ಣುಮಗಳು ಎಂದು ಮಲ್ಲೇಶಪ್ಪನವರು ಇನ್ನಷ್ಟು ಏರಿಸಿದರು. ಗಿರಾಕಿಗಳೇ ಪೈಪೋಟಿಯ ಮೇಲೆ ರೇಟು ಏರಿಸುವುದನ್ನು ನಾನು ಅಲ್ಲಿ ಬಿಟ್ಟು ಬೇರೆಲ್ಲಿಯೂ ನೋಡಿಲ್ಲ. ಪರವೂರಿಗೆ ಬಂದು ಬಾಯಿಬಾರದೆ ಕೂತವನೊಬ್ಬನ ಬೆಲೆಯನ್ನು ಅವನ ಪರವಾಗಿ ತಾವೇ ಹೇಳುವ ಜನ ಎಷ್ಟು ಮಂದಿಗೆ ಸಿಗುತ್ತಾರೆ? ಬೆಲೆ ನನ್ನದಲ್ಲ ಎನ್ನುವುದು ಬೇರೆ ಮಾತು.

ಮನೆಗೆ ಬಂದು ವಿಮಲಾಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಒಂದು ಗಳಿಗೆ ಫೋನನ್ನೇ ನೋಡಿದಳು. "ನನಗ? ಸುಮ್ಮನ ಕೂತದ್ದಕ್ಕ?" ಎಂದಳು. ಮುಖದಲ್ಲಿ ಎಂಥ ಬೆಳಕು ಬಂತು ಎಂದರೆ, ಅದನ್ನು ನೋಡಿದ ಮೇಲೆ ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಅವಳು ಆ ಸ್ಟೂಲಿನ ಮೇಲೆ ಕೂರದಿದ್ದರೆ ನಾನು ಅಷ್ಟು ಹೊತ್ತಿಗಾಗಲೇ ಚಿಂಚವಾಡದ ಗಾಡಿಯಲ್ಲಿರುತ್ತಿದ್ದೆ. ಇದನ್ನು ಅವಳಿಗೆ ಹೇಳಿಯೂ ಹೇಳಿದೆ. "ಇರ್ಲಿ ಬಿಡ್ರಿ" ಎಂದು ಅವಳು ಕಣ್ಣೊರೆಸಿಕೊಂಡು, "ಮೊದಲ ಸಾಹೇಬ್ರಿಗೆ ಫೋನ್ ಮಾಡ್ರಿ, ಪಾಪ ಖುರ್ಚಿ ಕಾಯ್ಕೋತ ಕೂತಾರ" ಎಂದಳು.

ಫೋನ್ ಮಾಡಿ, ಬರುವುದಿಲ್ಲ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದೆ. ಸಾಹೇಬರು ನಕ್ಕರು. ಸಂತೋಷ, ಆದರೆ ನಮ್ಮ ವಿಭಾಗಕ್ಕೂ ಕರೆದಾಗ ಬರುವ ಒಬ್ಬ ಮನುಷ್ಯ ಬೇಕಾಗಿದ್ದಾನೆ, ನಿನ್ನ ಮಷೀನುಗಳು ನಿನ್ನ ಮಾತನ್ನೇ ಕೇಳುತ್ತವೆ, ಹೇಳು, ತಿಂಗಳಿಗೆ ಎಷ್ಟು ಕೊಡಬೇಕು ಎಂದರು. ನಾನು ಬಾಯಿ ತೆರೆದೆ. ಏನು ಹೊರಗೆ ಬರುತ್ತಿತ್ತೋ ಆ ದೇವರಿಗೇ ಗೊತ್ತು. ಅಷ್ಟರಲ್ಲಿ ವಿಮಲಾ ಕೈಯಿಂದ ರಿಸೀವರ್ ತೆಗೆದುಕೊಂಡು, "ನಮಸ್ಕಾರ ಸಾಹೇಬ" ಎಂದು ಮರಾಠಿಯಲ್ಲಿ ಶುರು ಮಾಡಿ, ಮನೆಯವರ ಆರೋಗ್ಯ ವಿಚಾರಿಸಿ, ಆಮೇಲೆ ಒಂದು ಮೊತ್ತ ಹೇಳಿದಳು. ನಾನು ಆ ಕೋಣೆಯಲ್ಲಿ ನಿಲ್ಲಲಾರದೆ ಅಡುಗೆಮನೆಗೆ ಹೋಗಿ, ಚಹಾಕ್ಕೆ ನೀರಿಟ್ಟು, ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತುಕೊಂಡೆ.

ರಿಸೀವರ್ ಇಟ್ಟ ಸಪ್ಪಳವಾಯಿತು. ಅವಳು ಬಾಗಿಲಲ್ಲಿ ಬಂದು ನಿಂತು, "ಹೂಂ ಅಂದ್ರು. ಸೋಮವಾರ ಹೋಗಿ ಬರ್ರಿ. ಆದ್ರ ಅಲ್ಲಿ ಹೋಗಿ ನೀವು ರೊಕ್ಕದ ಮಾತು ಆಡಬ್ಯಾಡ್ರಿ, ಕೆಡಸ್ತೀರಿ" ಎಂದಳು.

ನಾನು ಆಡಿಲ್ಲ. ನಮ್ಮ ಸಂಸಾರ ಇಷ್ಟು ಚೆನ್ನಾಗಿ ನಡೆದು ಬಂದದ್ದರಲ್ಲಿ ನನ್ನ ಪಾಲಿನ ಕೊಡುಗೆ ಅದೇ.